ನೀಲಾವತಿಯ ಜಂಪರು

ಸಿರುಗುಪ್ಪದ ನಮ್ಮ ಓಣಿಯಲ್ಲಿ ಯಾರು ಬಡವಾದರು, ಯಾರು ದಪ್ಪಗಾದರು ಅಂತ ನಾನು ಯಾರನ್ನೂ ಕೇಳಬೇಕಿಲ್ಲ. ಜಂಪರು ಹೊಲಿಯುವವಳಿಗೆ ತಾನಾಗಿ ತಿಳಿಯುತ್ತದೆ. ಎದುರುಮನೆಯ ನೀಲಾವತಿಯ ಮೈ ಇಳಿಯುವುದು, ಏರುವುದು ಮಾತ್ರ ನೋಡಿ ನೋಡಿ ಸಾಕಾಗಿಹೋಗಿತ್ತು ನನಗೆ.

ಅವಳ ಗಂಡ ಮಾರೇಶ ಎಚ್‌ಐವಿ ಮುಚ್ಚಿಟ್ಟು, ಮಾತ್ರೆ ಬಿಟ್ಟು, ಎಲುಬಿನ ಹಂದರವಾಗಿ ಸತ್ತ. ಆಮೇಲೆ ಪರೀಕ್ಷೆ ಮಾಡಿಸಿದರೆ ಇವಳಿಗೂ ಅದೇ, ಅದೂ ಬಲಿತುಬಿಟ್ಟಿತ್ತು. ಸೊರಗಿದ ಮೈಗೆ ಜಂಪರನ್ನು ಎರಡೂ ಕಡೆ ಒಳಗೆ ಹಿಡಿದು ಹೊಲಿದುಕೊಟ್ಟೆ. ಬಳ್ಳಾರಿಯಲ್ಲಿ ಮಾತ್ರೆ ಶುರುವಾಯಿತು. ಕೆಲವು ತಿಂಗಳಿಗೆ ಗಲ್ಲ ತುಂಬಿತು, ತೋಳು ಬಿಗಿಯಾಯಿತು, ಹೊಲಿಗೆ ಬಿಚ್ಚಿಕೊಟ್ಟೆ. ಅಯ್ಯೋ, ಎಷ್ಟು ಖುಷಿಯಾಗಿತ್ತು!

ಅವಳ ಅತ್ತೆ ವಿರೂಪಮ್ಮನಿಗೆ ಮಾತ್ರ ಅದನ್ನು ನೋಡಿ ಹೊಟ್ಟೆ ಉರಿಯಿತು.

"ಗಂಡ ಸತ್ತು ವರ್ಷ ತುಂಬಿಲ್ಲ, ಮೈ ಹೆಂಗ ತುಂಬಿಕೊಂಡಾಳ ನೋಡು! ಮಂದಿ ಏನಂದಾರು? ನಮ್ಮ ಮನ್ಯಾಗ ಗಂಡ ಹೋದಾಕಿ ವರ್ಷ ಪೂರ್ತಿ ಒಪ್ಪತ್ತು ಉಣ್ಣಬೇಕು. ನಮ್ಮತ್ತಿ ಉಂಡ್ಲು, ನಾನೂ ಉಂಡೆ."

"ತೂಕ ಏರಿದ್ರ ಔಷಧ ಹತ್ತೈತಿ ಅಂತ ಅರ್ಥ, ದೊಡ್ಡವ್ವ. ಡಾಕ್ಟರು ಹೊಟ್ಟಿ ತುಂಬ ಉಣ್ಣು ಅಂದಾರ," ಅಂದೆ ನಾನು.

"ಗುರುಬಸಮ್ಮ, ನೀ ಜಂಪರು ಹೊಲಿ, ಸಾಕು."

ನೀಲಾವತಿ ಒಪ್ಪತ್ತು ಹಿಡಿದಳು. ಮಧ್ಯಾಹ್ನ ಎರಡು ರೊಟ್ಟಿ, ರಾತ್ರಿ ಬರೀ ನೀರು. ಸ್ವಲ್ಪ ದಿನಕ್ಕೇ ಅದೇ ಜಂಪರು ತಂದು ಮತ್ತೆ ಒಳಗೆ ಹಿಡಿ ಅಂದಳು. ಸೂಜಿಗೆ ದಾರ ಪೋಣಿಸುವುದಕ್ಕೂ ನನಗೆ ಮನಸ್ಸು ಬರಲಿಲ್ಲ.

"ನಿನ್ನ ಗಂಡನ ದಾರಿನೇ ಹಿಡಿದಿಯಲ್ಲ! ಅಕ್ಷಿತಾನ ಯಾರು ಸಾಕಬೇಕು?" ಅಂದೆ. ಅಕ್ಷಿತಾ ಅವಳ ಮಗಳು, ಇನ್ನೂ ಒಂದನೇ ಕ್ಲಾಸು.

"ತೂಕ ಇಳದೈತಿ ಅಂತ ಆಸ್ಪತ್ರಿಯಾಗೂ ಗಾಬರಿ ಆಗ್ಯಾರಕ್ಕ. ಏನ್ ಮಾಡ್ಲಿ? ಜಗಳಾಡಾಕ ಶಕ್ತಿ ಇಲ್ಲ ನನಗ."

ಹಿರಿಯರ ಅಮಾವಾಸ್ಯೆಗೆ ಕುರುಗೋಡಿನಿಂದ ನೆಂಟರು ಬಂದರು. ನನ್ನನ್ನೂ ಊಟಕ್ಕೆ ಕರೆದಿದ್ದರು. ಸಂಜೆ ಮಾರೇಶನ ಫೋಟೋದ ಮುಂದೆ ಎಡೆ ಇಟ್ಟರು, ಹೋಳಿಗೆ, ತುಪ್ಪ, ಅನ್ನ. ಎಲ್ಲರೂ ಊಟಕ್ಕೆ ಕೂತಾಗ ನೀಲಾವತಿಯೂ ಬಂದು ಸಾಲಿನಲ್ಲಿ ಕೂತಳು.

"ಏಳು, ನಿಂದು ಮಧ್ಯಾಹ್ನ ಆತಲ್ಲ," ಅಂದಳು ವಿರೂಪಮ್ಮ.

"ಏಳಂಗಿಲ್ಲ, ಅತ್ತಿ. ನಿಮ್ಮ ಮಗ ಒಣಗಿ ಸತ್ತ, ಈಗ ಫೋಟೋಕ್ಕ ಹೋಳಿಗಿ ಇಟ್ಟೀರಿ. ನನಗ ಬದುಕಿದ್ದಾಗ ಹಾಕ್ರಿ. ಅಕ್ಷಿತಾಗ ಅವ್ವ ಬೇಕು."

ಯಾರೂ ಬಡಿಸಲಿಲ್ಲ. ಥೂ, ಎಂಥ ಮಂದಿ! ನಾನೇ ಎದ್ದು ಬಡಿಸಿದೆ. ಅವಳು ತಲೆ ತಗ್ಗಿಸಿಕೊಂಡು, ಅಳುತ್ತಲೇ ಪೂರ್ತಿ ಉಂಡಳು.

ವಿರೂಪಮ್ಮ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮೊನ್ನೆ ನೀಲಾವತಿ ಜಂಪರು ತಂದು ನನ್ನ ಮಿಷನ್ ಮೇಲೆ ಇಟ್ಟಳು.

"ಬಿಗಿ ಆಗೇತಕ್ಕ, ಹೊಲಿಗಿ ಬಿಚ್ಚು. ಒಳಗ ಸ್ವಲ್ಪ ಬಟ್ಟಿ ಉಳಸು, ಮುಂದ ಇನ್ನೂ ಬೇಕಾಗ್ತೈತಿ."