ಅಪ್ಪ ಬಂದು ಹೇಳುವವರೆಗೆ

ಈಗ ನಮ್ಮ ನರೀನ್ ಪಟ್ಟಣದ ವಿದ್ಯಾರ್ಥಿಗಳು ತಮ್ಮ ಕ್ಷೇಮವನ್ನು ಫೋನಿನಲ್ಲೇ ಗುಂಡಿ ಒತ್ತಿ ಹೇಳಿಬಿಡುತ್ತಾರೆ. ನಗುವ ಮುಖ, ಅಳುವ ಮುಖ, ಎರಡೂ ಅಲ್ಲದ ಮುಖ. ಅವೆಲ್ಲ ನನ್ನ ಮೇಜಿಗೆ ಬಂದು ಬೀಳುತ್ತವೆ, ನಾನು ಓದಿ ವರದಿ ಬರೆಯುತ್ತೇನೆ. ನಿಜ ಹೇಳಬೇಕೆಂದರೆ, ಮನುಷ್ಯರ ಮುಖ ನೋಡದೆ ಅವರ ಸುಖದುಃಖ ಅಳೆಯುವ ಈ ಕೆಲಸ ನನಗೆ ಇನ್ನೂ ಒಗ್ಗಿಲ್ಲ. ನಮ್ಮ ಕಾಲದಲ್ಲಿ ಪ್ರಶ್ನೆ ಕೇಳುವವಳೂ ಉತ್ತರ ಹೇಳುವವಳೂ ಒಂದೇ ರಜಾಯಿಯೊಳಗೆ ಕಾಲು ತೂರಿಸಿಕೊಂಡು ಕೂರುತ್ತಿದ್ದೆವು. ಹಾಸ್ಟೆಲಿನ ಕೋಣೆಗಳನ್ನು ಬೆಚ್ಚಗಿಡುವ ಕೊಳವೆಗಳಲ್ಲಿ ಬಿಸಿನೀರು ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದವು. ಆ ಚಳಿಯನ್ನು ನೆನೆದರೆ ಈಗ ಯಾಕೋ ಎದೆ ಬೆಚ್ಚಗಾಗುತ್ತದೆ.

ಆ ವರ್ಷ ರಾಜಧಾನಿಯಿಂದ ಡಾಕ್ಟರ್ ಸಾಲ್ತಾನಾತ್ ಬಂದಿದ್ದರು. ನಾವು ಅವರನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಹಳ್ಳಿಗಳಿಂದ ಬಂದ ಮಕ್ಕಳು ಯಾಕೆ ಕಾಯಿಲೆ ಬೀಳುತ್ತಾರೆ, ಯಾಕೆ ಅರ್ಧಕ್ಕೇ ಓದು ಬಿಡುತ್ತಾರೆ ಎಂದು ಅವರು ಅಧ್ಯಯನ ಮಾಡುತ್ತಿದ್ದರು. ಮೊದಲು ಮಕ್ಕಳ ಮನೆಗೆ ಹೋಗಿ ಮನೆಯವರನ್ನು ಕೇಳಬೇಕು, ಆಮೇಲೆ ಹಾಸ್ಟೆಲಿಗೆ ಬಂದು ಮಕ್ಕಳನ್ನು ಕೇಳಬೇಕು. ಓಡಾಡಲು ವೈದ್ಯಕೀಯ ಶಾಲೆಯ ನಮ್ಮಂಥವರನ್ನು ಆರಿಸಿಕೊಂಡರು. "ಬುರುಲ್‌ಗೆ ಈ ಕೆಲಸ ಕೊಡಿ ಎಜೆ, ಊರವರ ಒಲೆ ಮೇಲೆ ಏನು ಬೇಯ್ತಿದೆ ಅಂತ ಹೆಂಗೂ ಇಣುಕ್ತಾಳೆ, ಪುಣ್ಯಕ್ಕಾದ್ರೂ ಬರ್ಲಿ," ಎಂದು ನನ್ನ ಹೆಸರು ಸೂಚಿಸಿದವಳು ನನ್ನ ಕೋಣೆಯ ಗೆಳತಿ ಜಿಪಾರ್.

ಜಿಪಾರ್ ಇದ್ದಲ್ಲಿ ನಗುವಿಗೆ ಬರವಿರಲಿಲ್ಲ. ತಾಯಿ ಇಲ್ಲದ ಅವಳನ್ನು ಸಾಕಿದವಳು ಅಜ್ಜಿ. ಅಜ್ಜಿ ಅತ್-ಬಾಶಿ ಕಣಿವೆಗೆಲ್ಲ ಹೆಸರಾದ ಶೋಕದ ಹಾಡುಗಾರ್ತಿ. ಯಾರ ಮನೆಯಲ್ಲಿ ಸಾವಾದರೂ ಅವಳು ಬಂದು ಹಾಡಿ ಅತ್ತರೇ ಸತ್ತವರಿಗೆ ಗೌರವ. ಮೊಮ್ಮಗಳಿಗೂ ಆ ಬಾಯಿ ಬಂದಿತ್ತು. "ನಿನ್ನ ಮದುವೆಗೆ ನಾನೇ ಬಂದು ಅಳ್ತೀನಿ ಕಣೇ ಬುರುಲ್. ನಿನಗಲ್ಲ, ನಿನ್ನ ಗಂಡನಿಗೆ," ಎಂದು ರಾಗ ಎಳೆದು ನಗಿಸುತ್ತಿದ್ದಳು.

ಮೇ ತಿಂಗಳಲ್ಲಿ ಅವಳ ಹಳ್ಳಿಗೆ ಹೋದೆ. ಬಸ್ಸಿನಿಂದ ಇಳಿದವಳಿಗೆ ಮೊದಲು ಕಂಡದ್ದು ಅವರ ಅಂಗಳದಲ್ಲಿ ಎದ್ದುನಿಂತ ಯರ್ಟ್, ಸಾವಾದ ಮನೆಯಲ್ಲಿ ಕಟ್ಟುವ ದುಂಡು ಗುಡಾರ. ಒಳಗಿನಿಂದ ಹೆಂಗಸರ ಅಳು. ಹೊರಗೆ ಅವಳಪ್ಪ ಮುಕಾಷ್ ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿಗೆ ಒರಗಿ ನಿಂತಿದ್ದ. ಅಜ್ಜಿ ಹೋಗಿ ಆಗಲೇ ಏಳನೆಯ ದಿನ.

"ಜಿಪಾರ್‌ಗೆ ಹೇಳಿಲ್ವಾ?" ಎಂದೆ.

"ಹೇಳಿಲ್ಲ, ನೀನೂ ಹೇಳ್ಬೇಡ," ಎಂದು ಕೈ ಹಿಡಿದುಕೊಂಡ. "ಕೊನೆ ವರ್ಷದ ಪರೀಕ್ಷೆ ಮಗಾ. ಈಗ ಬಂದ್ರೆ ವರ್ಷವೇ ಹೋಯ್ತು. ಅವ್ವನೇ ಆಣೆ ಹಾಕಿ ಹೋಗವ್ಳೆ, ಹುಡುಗಿ ಓದು ಕೆಡಿಸ್ಬೇಡಿ ಅಂತ. ಪರೀಕ್ಷೆ ಮುಗಿದ ದಿನವೇ ಹಿರೀಕರನ್ನ ಕರ್ಕೊಂಡು ಬಂದು ನಾನೇ ಹೇಳ್ತೀನಿ."

ದೂರವಿರುವ ಮಕ್ಕಳಿಗೆ ಸಾವಿನ ಸುದ್ದಿಯನ್ನು ಕಲ್ಲಿನ ಹಾಗೆ ಎಸೆಯುವುದು ನಮ್ಮಲ್ಲಿ ಇಲ್ಲ. ಹಿರಿಯರು ಹೋಗಿ, ಪಕ್ಕದಲ್ಲಿ ಕೂತು, ಬೆಟ್ಟವೂ ಒಂದು ದಿನ ಸವೆಯುತ್ತದೆ, ನದಿಯೂ ಬತ್ತುತ್ತದೆ ಎಂದು ಮಾತನ್ನು ದೂರದಿಂದ ಸುತ್ತಿಸಿಕೊಂಡು ತಂದು, ಕೊನೆಗೆ ಮೆಲ್ಲಗೆ ಎದುರಿಗಿಡುತ್ತಾರೆ. ಸುದ್ದಿ ತರುವವನಿಗೆ ಅದಕ್ಕಿಂತ ಭಾರದ ಹೊರೆ ಇನ್ನೊಂದಿಲ್ಲ. ಆಗಲಿ ಎಂದು ಒಪ್ಪಿಕೊಂಡೆ.

ಹೊರಡುವಾಗ ಜಿಪಾರಳ ಚಿಕ್ಕಮ್ಮ ಓಡಿಬಂದು ಒಂದು ಚೀಲವನ್ನು ತೋಳಿಗೆ ತೂಗುಹಾಕಿದಳು. "ಖಾಲಿ ಕೈಲಿ ಹೋಗ್ತಾರಾ? ಹುಡುಗಿಗೆ ಕೊಡು." ನಮ್ಮ ಜನ ಸಾಯಲಿ ಬದುಕಲಿ, ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ನಾನೂ ಬಿಚ್ಚಿ ನೋಡದೆ ತಂದು ಜಿಪಾರಳ ಮಂಚದ ಮೇಲಿಟ್ಟು, ಹಲ್ಲುನೋವೆಂದು ನೆಪ ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ.

ಅಲ್ಲಿಂದ ಮುಂದೆ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ಎಂದಿನಂತೆ ಪರೀಕ್ಷೆಗೆ ಹೋಗಿಬರುತ್ತಿದ್ದಳು. ರಾತ್ರಿ ಮಾತ್ರ ರಜಾಯಿಯೊಳಗೆ ಏನೋ ಗೊಣಗುತ್ತಿದ್ದಳು. ಪಾಠ ಉರುಹೊಡೆಯುತ್ತಿದ್ದಾಳೆ ಎಂದುಕೊಂಡೆ.

ಅವಳ ಸರದಿ ಬಂತು. ಒಂದು ಮಧ್ಯಾಹ್ನ ಕಾಲಿಗೆ ಕಾಲು ತಾಗಿಸಿ ಕೂತು ಪ್ರಶ್ನೆ ಓದತೊಡಗಿದೆ.

"ನಿದ್ದೆ ಸರಿಯಾಗಿ ಬರುತ್ತಾ?"

"ಇಲ್ಲ."

"ಊಟ ಸೇರುತ್ತಾ?"

"ಇಲ್ಲ."

ಮುಂದಿನ ಪ್ರಶ್ನೆ ಕಣ್ಣಿಗೆ ಬಿತ್ತು. ಅದನ್ನು ಹಾರಿಸಿ ಮುಂದೆ ಹೋಗಲು ನೋಡಿದೆ.

"ಒಂದು ಬಿಟ್ಟೆ," ಎಂದಳು ಜಿಪಾರ್. "ಎಲ್ಲರಿಗೂ ಕೇಳಿದ್ದನ್ನ ನನಗೂ ಕೇಳು."

"ಈಚೆಗೆ... ಹತ್ತಿರದವರು ಯಾರಾದ್ರೂ ತೀರಿಕೊಂಡ್ರಾ?"

ಕಿಟಕಿಯ ಕಡೆ ನೋಡಿ ಅವಳು ಅಂದಳು, "ಇಲ್ಲ ಅಂತ ಬರ್ಕೋ."

ನಾನು ಪೆನ್ನು ಕೆಳಗಿಡಹೋದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಹೆದರ್ಬೇಡ್ವೇ. ಚಿಕ್ಕಮ್ಮನ ಚೀಲದಲ್ಲಿ ಕರಿದ ಬೋರ್ಸೋಕ್ ಇತ್ತು, ಮಿಠಾಯಿ ಇತ್ತು, ಜೊತೆಗೆ ಬೇಯಿಸಿದ ಕುದುರೆ ಮಾಂಸ ಇತ್ತು. ನಮ್ಮಪ್ಪ ವಸಂತದಲ್ಲಿ ಸುಮ್ಸುಮ್ನೆ ಕುದುರೆ ಕಡಿಯೋನಾ? ಮನೇಲಿ ಸತ್ರೆ ಕುದುರೆ ಕಡಿಯೋವಷ್ಟು ದೊಡ್ಡ ಜೀವ ಅಂದ್ರೆ ಅಜ್ಜಿ ಒಬ್ಳೇ."

ಇಷ್ಟು ಜೋಪಾನವಾಗಿ ಮುಚ್ಚಿಟ್ಟ ಸಾವಿನ ಸುದ್ದಿಯನ್ನು ಸಾವಿನೂಟದ ಪಾಲಿನ ಜೊತೆಗೇ ಕಟ್ಟಿ ಕಳಿಸಿದ್ದರು! ನಮ್ಮವರಲ್ಲದೆ ಇನ್ಯಾರು ಇಂಥದ್ದು ಮಾಡಿಯಾರು? ನನಗೆ ನಗುವೂ ಬಂತು, ಅಳುವೂ ಬಂತು. ಅವಳಿಗೂ ಹಾಗೇ ಆಯಿತು. ಇಬ್ಬರೂ ರಜಾಯಿ ಕಚ್ಚಿಕೊಂಡು ನಕ್ಕೆವೋ ಅತ್ತೆವೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಹಂಗಾದ್ರೆ ಇಲ್ಲ ಅಂತ ಯಾಕೇ ಬರ್ಕೊಳ್ಲಿ?"

"ಅಪ್ಪ ಬಂದು ಹೇಳ್ಬೇಕಲ್ಲ. ಬೆಟ್ಟ ದಾಟಿ, ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬರ್ತಾನೆ. ಅವನ ಮುಂದೆ 'ಗೊತ್ತು ಬಿಡಪ್ಪ' ಅನ್ನೋಕಾಗುತ್ತಾ? ಅವನು ಹೇಳೋವರೆಗೂ ಅಜ್ಜಿ ಬದುಕಿರ್ಲಿ ಬಿಡು."

ಸಾಲ್ತಾನಾತ್ ಎಜೆ ಆ ಉತ್ತರಗಳ ಮೇಲೆ ಬೆರಳಿಟ್ಟು ಕೂತರು. "ಯಾರೂ ಸತ್ತಿಲ್ಲ, ನಿದ್ದೆ ಇಲ್ಲ, ಊಟ ಇಲ್ಲ. ಪ್ರೀತಿ ಗೀತಿ ಏನಾದ್ರೂ ಇರ್ಬೇಕು ಕಣಮ್ಮ." ಪ್ರೀತಿಯೇ ಎಜೆ ಎಂದೆ. ಅದು ಸುಳ್ಳೂ ಅಲ್ಲ.

ಕೊನೆಯ ಪರೀಕ್ಷೆ ಮುಗಿದ ದಿನ ಮುಕಾಷ್ ಇಬ್ಬರು ಹಿರಿಯರೊಂದಿಗೆ ನಮ್ಮ ಕೋಣೆಗೆ ಬಂದ. ಹೊಸ ಟೋಪಿ, ಕೆಂಪಾದ ಕಣ್ಣು. ಜಿಪಾರ್ ಏನೂ ಅರಿಯದವಳಂತೆ ಚಹಾ ಬಗ್ಗಿಸಿ, "ಅಜ್ಜಿ ಮಂಡಿನೋವು ಹೆಂಗಿದೆ ಅಪ್ಪ?" ಎಂದಳು. ಆ ಮಾತು ಕೇಳಿ ನಾನು ಬಾಗಿಲ ಕಡೆ ಮುಖ ತಿರುಗಿಸಿದೆ. ಹಿರಿಯರು ಬೆಟ್ಟದಿಂದ ಶುರು ಮಾಡಿದರು, ನದಿಗೆ ಬಂದರು. ಅಲ್ಲಿ ಅವರ ಮಾತು ತಡವರಿಸಿತು. ಮುಕಾಷ್ ಮಗಳ ಕೈ ಹಿಡಿದು, "ಅವ್ವ ಹೋಗ್ಬಿಟ್ಳು ಮಗಳೇ," ಎಂದ.

ಜಿಪಾರ್ ಎದ್ದು, ಶೋಕದ ಹಾಡುಗಾರ್ತಿಯರ ಹಾಗೆ ಗೋಡೆಗೆ ಮುಖಮಾಡಿ ಕೂತು, ಸೊಂಟದ ಮೇಲೆ ಕೈಯಿಟ್ಟು ಹಾಡತೊಡಗಿದಳು. ತನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹಾಲು ಕರೆದ ಅಜ್ಜಿಯನ್ನು, ಊರಿಗೆಲ್ಲ ಅತ್ತವಳಿಗೆ ತಾನು ಒಬ್ಬಳೇ ದೂರದಲ್ಲಿ ಕೂತು ಅಳಬೇಕಾದ್ದನ್ನು ಹಾಡಿದಳು. ಸಾಲಿನ ಮೇಲೆ ಸಾಲು, ಒಂದು ಕಡೆಯೂ ತಡೆಯಲಿಲ್ಲ. ಹಾಸ್ಟೆಲಿನ ಹುಡುಗಿಯರೆಲ್ಲ ಬಂದು ಬಾಗಿಲಲ್ಲಿ ನಿಂತು ಅತ್ತರು.

ಮುಕಾಷ್ ಕಣ್ಣೊರೆಸಿಕೊಂಡು ನನ್ನ ಬಳಿ ಬಂದ. "ಬಾಯಿ ಕಟ್ಟಿಟ್ಕೊಂಡ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದ. ಆ ಅಳುವಿನ ನಡುವೆಯೂ ಅವನ ದನಿಯಲ್ಲಿ ಹೆಮ್ಮೆಯಿತ್ತು. "ಕೇಳಿದ ಗಳಿಗೇಲೇ ಇಂಥಾ ಹಾಡು ಕಟ್ಟಿದ್ಳಲ್ಲ ನೋಡು! ಅಜ್ಜಿಗೆ ತಕ್ಕ ಮೊಮ್ಮಗಳು."

ರಜಾಯಿಯೊಳಗಿನ ಗೊಣಗಾಟ ಏನೆಂದು ನನಗೆ ಆಗ ತಿಳಿಯಿತು. ಹೌದು ಮಾವ, ಕೇಳಿದ ಗಳಿಗೆಯಲ್ಲೇ ಕಟ್ಟಿದಳು ಎಂದೆ.