ಆರೋಗ್ಯಮ್ಮನಿಗೆ ಶಾಲು

“ಇಷ್ಟು ದಪ್ಪದ್ದು ಯಾಕ್ರೀ? ಇದನ್ನ ಹೊದ್ಕೊಂಡು ಏನು ಹಿಮಾಲಯಕ್ಕೆ ಹೋಗ್ತಾರಾ? ಒಂದು ಫೋಟೋ ತೆಗೆಸ್ಕೊಳ್ತಾರೆ, ಆಮೇಲೆ ಸೀದಾ ಟ್ರಂಕಿಗೆ. ತೆಳ್ಳಗಿರೋದು ತೋರಿಸಿ.” ಶಿವಮೊಗ್ಗದ ಗಾಂಧಿ ಬಜಾರಿನ ಶಿವಯೋಗಪ್ಪನವರ ಬಟ್ಟೆ ಅಂಗಡಿಯಲ್ಲಿ ಆರೋಗ್ಯಮ್ಮ ಮೂರನೆಯ ಶಾಲನ್ನೂ ಪಕ್ಕಕ್ಕೆ ತಳ್ಳಿದರು.

ಶಿವಯೋಗಪ್ಪ ಸುಮನಾಳ ಮುಖ ನೋಡಿದರು. ಸುಮನಾ ಫ್ಯಾನು ನೋಡುತ್ತಿದ್ದಳು. ಭದ್ರಾವತಿಯ ಜನ್ನಾಪುರದ ಚರ್ಚಿನಲ್ಲಿ ಸೇವಾ ಬಳಗ ಅಂತ ಒಂದಿದೆ. ಅದಕ್ಕೆ ಇವಳೇ ಮುಖ್ಯಸ್ಥೆ. ಮೆರೂನ್ ಬಣ್ಣದ, ಅಗಲ ಜರಿಯಂಚಿನ ಶಾಲಿನ ಮೇಲೆ ಅವಳ ಕಣ್ಣಿತ್ತು. ಆದರೆ ಆರೋಗ್ಯಮ್ಮನನ್ನು ಜೊತೆಗೆ ಕರೆದುಕೊಂಡು ಬಂದಮೇಲೆ ಆ ಕಣ್ಣಿಗೆ ಬೆಲೆ ಎಲ್ಲಿದೆ? ನಿಜ ಹೇಳಬೇಕೆಂದರೆ ಅವಳು ಕರೆದಿರಲಿಲ್ಲ. ಚರ್ಚಿಗೆ ಹೊಸ ಸೌಟುಗಳು ಬೇಕು, ಶಿವಮೊಗ್ಗಕ್ಕೆ ಹೋಗುತ್ತೇನೆ ಎಂದು ಬಾಯಿತಪ್ಪಿ ಅಂದಿದ್ದಕ್ಕೆ, “ನಾನಿಲ್ದೆ ಸೌಟು ತರ್ತೀರಾ?” ಎಂದು, ಚರ್ಚಿನ ಅಡುಗೆಗೆಲ್ಲ ತಾವೇ ನಿಲ್ಲುತ್ತಿದ್ದ ಆರೋಗ್ಯಮ್ಮ ಬೆಳಿಗ್ಗೆ ಎಂಟಕ್ಕೇ ಬಸ್‌ಸ್ಟಾಪಿನಲ್ಲಿ ಕೈಚೀಲ ಹಿಡಿದು ನಿಂತಿದ್ದರು. ಮಂಡಿಯ ಆಪರೇಷನ್ ಆಗಿ ಆರು ತಿಂಗಳಾಗಿತ್ತು, ಅಷ್ಟೆ.

“ಯಾರಿಗಮ್ಮ ಸನ್ಮಾನ?” ಶಿವಯೋಗಪ್ಪ ಕೇಳಿದರು.

“ಯಾರೋ ಒಬ್ಬರು ಹಿರಿಯರಿಗೆ,” ಅಂದಳು ಸುಮನಾ.

“ಯಾರೇ ಅದು? ನನಗೆ ಗೊತ್ತಿಲ್ದೇ ಇರೋ ಹಿರಿಯರು?”

“ಭಾನುವಾರ ಗೊತ್ತಾಗತ್ತೆ ಅಜ್ಜಿ. ಫಾದರ್ ಹೇಳಬಾರ್ದು ಅಂದಿದಾರೆ.”

ಕೊನೆಗೆ ಅಂಗಡಿಯಲ್ಲಿದ್ದುದರಲ್ಲೇ ಅತಿ ತೆಳ್ಳಗಿನ, ಅತಿ ಅಗ್ಗದ, ಮಾಸಲು ನೀಲಿಯ ಶಾಲನ್ನು ಆರಿಸಿ, ಅದರ ಬೆಲೆಯನ್ನೂ ಇನ್ನಷ್ಟು ಇಳಿಸಿ ಆರೋಗ್ಯಮ್ಮ ಗೆದ್ದ ಮುಖದಲ್ಲಿ ಅಂಗಡಿ ಇಳಿದರು. ಸುಮನಾ ಹಿಂದಿನಿಂದ ತಲೆ ತಗ್ಗಿಸಿಕೊಂಡು ಬಂದಳು.

ಬಸ್ಸು ಹತ್ತುವ ಮೊದಲು ಸುಮನಾ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ ಹೋಗಿ ಪೇಪರಿನಲ್ಲಿ ಸುತ್ತಿದ ಏನನ್ನೋ ತಂದಳು. ಭದ್ರಾವತಿಯ ಬಸ್ಸಿನಲ್ಲಿ ಸಿಕ್ಕಿದ್ದು ಒಂದೇ ಸೀಟು. “ಗ್ಲಾಸಿದೆ ಅಜ್ಜಿ, ಹುಷಾರು,” ಎಂದು ಅದನ್ನು ಆರೋಗ್ಯಮ್ಮನ ತೊಡೆಯ ಮೇಲಿಟ್ಟು, ತಾನು ಕಂಬಿ ಹಿಡಿದು ನಿಂತು, ಶಾಮಿಯಾನದವನ ಜೊತೆ ಫೋನಿನಲ್ಲಿ ಜಗಳಕ್ಕೆ ನಿಂತಳು. ಊರು ದಾಟುತ್ತಿದ್ದಂತೆ ಒಂದು ಹಂಪು ಬಂತು. ಎಲ್ಲರೂ ಒಂದು ಸಲ ಎಗರಿದರು. ಪೇಪರಿನ ಮೂಲೆ ಹರಿಯಿತು.

ಹರಿದ ಕಡೆಯಿಂದ ಆರೋಗ್ಯಮ್ಮನನ್ನು ಆರೋಗ್ಯಮ್ಮನೇ ನೋಡುತ್ತಿದ್ದರು. ಅದೇ ದಪ್ಪ ಕನ್ನಡಕ, ಅದೇ ಗಲ್ಲದ ಮೇಲಿನ ನರಹುಲಿ. ಫೋಟೋದ ಕೆಳಗೆ ದೊಡ್ಡ ಅಕ್ಷರದಲ್ಲಿ ಅವರ ಹೆಸರು, ಅದರ ಕೆಳಗೆ “ಇಪ್ಪತ್ತಾರು ವರ್ಷಗಳ ಸೇವೆಗೆ ಕೃತಜ್ಞತೆಯೊಂದಿಗೆ” ಎಂಬ ಸಾಲು. ಅವರು ಎರಡು ಸಲ ಓದಿದರು. ಆಮೇಲೆ ಹರಿದ ಪೇಪರನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಭದ್ರಾವತಿ ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕೂತರು. ತನ್ನ ಶಾಲನ್ನು ತಾನೇ ಚೌಕಾಸಿ ಮಾಡಿ ತಂದದ್ದಕ್ಕೆ ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಇವತ್ತು ಹೆದರಿಕೆಯಾಯಿತು.

ಭದ್ರಾವತಿಯಲ್ಲಿ ಶಾಲು ಅಂದರೆ ಏನು ಅಂತ ಯಾರಿಗೆ ತಾನೆ ಗೊತ್ತಿಲ್ಲ? ಕಾರ್ಖಾನೆಯಲ್ಲಿ ದುಡಿದವರ ಮನೆಗಳಲ್ಲೆಲ್ಲ ಒಂದೊಂದು ಶಾಲಿದೆ. ಕೆಲಸದ ಕೊನೆಯ ದಿನ ಸಾಹೇಬರು ಬಂದು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ. ಮರುದಿನದಿಂದ ಗೇಟಿನಲ್ಲಿ ವಾಚ್‌ಮನ್ ಒಳಗೆ ಬಿಡುವುದಿಲ್ಲ. ಆರೋಗ್ಯಮ್ಮನ ಗಂಡ ಚೌರಪ್ಪನವರಿಗೂ ಹಾಗೆಯೇ ಆಗಿತ್ತು. ಶಾಲು ಹೊದ್ದ ಮಾರನೆಯ ಬೆಳಿಗ್ಗೆ ಅವರು ಐದಕ್ಕೇ ಎದ್ದು, ಸ್ನಾನ ಮಾಡಿ, ಪ್ಯಾಂಟು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ಆವತ್ತು ಅವರನ್ನು ನೋಡಿ ಆರೋಗ್ಯಮ್ಮನಿಗೆ ಒಲೆಯ ಮುಂದೆ ಅಳು ಬಂದಿತ್ತು.

ಮತ್ತೆ, ಇದೇನು ಇದ್ದಕ್ಕಿದ್ದಂತೆ ಬಂದದ್ದೂ ಅಲ್ಲ. ಆಪರೇಷನ್ ಆದಾಗಿನಿಂದ ಸೇವಾ ಬಳಗದ ಹುಡುಗ ಹುಡುಗಿಯರಿಗೆಲ್ಲ ಒಂದೇ ಮಾತು ಬಾಯಿಪಾಠವಾಗಿತ್ತು: “ಅಜ್ಜಿ, ನೀವು ಕೂತ್ಕೊಳ್ಳಿ.” ಒಳ್ಳೆಯ ಮಕ್ಕಳು, ಅದರಲ್ಲಿ ಎರಡು ಮಾತಿಲ್ಲ. ಕೋವಿಡ್ ಕಾಲದಲ್ಲಿ ಯಾರೂ ಮುಟ್ಟದ ಹೆಣಗಳಿಗೆ ಹೆಗಲು ಕೊಟ್ಟವರು ಇವರೇ. ಯಾರಿಗಾದರೂ ರಕ್ತ ಬೇಕೆಂದರೆ ಒಬ್ಬರನ್ನು ಕೇಳಿದ ಕಡೆ ನಾಲ್ವರು ಓಡುತ್ತಾರೆ. ಆದರೆ ಆ ಉತ್ಸಾಹವನ್ನು ತಡೆದುಕೊಳ್ಳುವುದು ಸುಲಭವಲ್ಲ. ಒಂದು ಹಂಡೆ ಎತ್ತಬೇಕೆಂದರೆ ಏಳು ಜನ ಬಾಗುತ್ತಾರೆ, ತಲೆಗೆ ತಲೆ ತಾಗಿಸಿಕೊಳ್ಳುತ್ತಾರೆ. ಆರೋಗ್ಯಮ್ಮ ಚಾಕು ಹಿಡಿದರೆ ಒಬ್ಬಳು ಕಸಿದುಕೊಳ್ಳುತ್ತಾಳೆ, ಸೌಟು ಹಿಡಿದರೆ ಇನ್ನೊಬ್ಬ, ನೀರು ಬಗ್ಗಿಸಹೋದರೆ ಮೂರನೆಯವನು ಕುರ್ಚಿ ತಂದು ಹಿಂದಿನಿಂದ ಮಂಡಿಗೆ ತಾಗಿಸಿಬಿಡುತ್ತಾನೆ. ಆ ಪ್ಲಾಸ್ಟಿಕ್ ಕುರ್ಚಿ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

ಮನೆಗೆ ಬಂದವರೇ ಗಂಡನ ಮುಂದೆ ನಿಂತರು.

“ನನಗೆ ಶಾಲು ಹೊದಿಸ್ತಾರಂತೆ.”

“ಒಳ್ಳೇದಾಯ್ತಲ್ಲ ಮಾರಾಯ್ತಿ. ಇಷ್ಟು ವರ್ಷ ಗೇಯ್ದಿದೀಯ,” ಚೌರಪ್ಪ ಟೀವಿಯಿಂದ ಕಣ್ಣು ತೆಗೆಯದೆ ಅಂದರು.

“ಏನು ಒಳ್ಳೇದು? ನಿಮಗೂ ಹೊದಿಸಿದ್ರು. ಆಮೇಲೆ ಗೇಟಿನೊಳಗೆ ಬಿಟ್ರಾ?”

ಚೌರಪ್ಪ ಟೀವಿಯ ಸದ್ದು ತಗ್ಗಿಸಿದರು. ಹೆಂಡತಿಯ ಮುಖ ನೋಡಿದರು. ಎದ್ದುಹೋಗಿ ಎರಡು ಲೋಟ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಇಬ್ಬರೂ ಹಾಗೆಯೇ ಕುಡಿದರು.

ಭಾನುವಾರ ಬಲಿಪೂಜೆಯ ಪ್ರಾರ್ಥನೆ ಶುರುವಾಗುವುದಕ್ಕೆ ಒಂದು ಗಂಟೆ ಮೊದಲೇ ಆರೋಗ್ಯಮ್ಮ ಚರ್ಚಿನ ಹಿಂದಿನ ಅಡುಗೆಮನೆಗೆ ಹೋದರು. ಅಭ್ಯಾಸ. ಬಾಗಿಲಲ್ಲಿ ಅಡುಗೆ ಕಂಟ್ರಾಕ್ಟಿನ ಭೂತಪ್ಪ ಟವೆಲ್ ಕಟ್ಟಿಕೊಂಡು ಅಡ್ಡ ನಿಂತಿದ್ದ. ಒಳಗೆ ಅವನ ಆಳುಗಳು ಈರುಳ್ಳಿ ಹೆಚ್ಚುತ್ತಿದ್ದರು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಇವತ್ತು ನೀವು ಒಳಗೆ ಬರಬಾರ್ದಂತೆ. ಫಾದರ್ ಹೇಳಿದಾರೆ.”

ಅಲ್ಲಿಗೆ ಅವರ ಅನುಮಾನವೆಲ್ಲ ಮುಗಿಯಿತು. ವಾಚ್‌ಮನ್ ಗೇಟಿಗೆ ಬಂದೇಬಿಟ್ಟಿದ್ದ. ಅವರು ತಿರುಗಿ, ದೇವರ ಮುಂದೆ ಹೋಗಿ ಕೂತರು. ಆವತ್ತಿನ ಪ್ರಾರ್ಥನೆಯಲ್ಲಿ ದೇವರಿಗೂ ಸ್ವಲ್ಪ ಬೈಗುಳ ಸಿಕ್ಕಿತು.

ಪೂಜೆ ಮುಗಿದ ಮೇಲೆ ಎಲ್ಲರೂ ಶಾಮಿಯಾನದ ಕೆಳಗೆ ಸೇರಿದರು. ಫಾದರ್ ರಾಯಪ್ಪನವರು ಮೈಕು ಹಿಡಿದು, ವರ್ಷವಿಡೀ ಬಡಿಸಿದವರನ್ನು ಇವತ್ತು ಕೂರಿಸಿ ಬಡಿಸುವ ದಿನ, ಚರ್ಚಿನ ಆಡಳಿತ ನೋಡುವ ಪಾಲನಾ ಸಮಿತಿಯ ಹಿರಿಯರೆಲ್ಲ ಅಂಗಿಯ ತೋಳು ಮಡಿಸಿಕೊಳ್ಳಬೇಕು ಎಂದಾಗ ನಗು ಎದ್ದಿತು. ಬಳಗದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಹೂ ಕೊಟ್ಟರು. ಕೊನೆಗೆ, “ಈಗ ನಮ್ಮ ಆರೋಗ್ಯಮ್ಮನವರು ವೇದಿಕೆಗೆ ಬರಬೇಕು,” ಅಂದರು.

ಆರೋಗ್ಯಮ್ಮ ಏಳಲಿಲ್ಲ.

ಚಪ್ಪಾಳೆ ಒಂದಷ್ಟು ಹೊತ್ತು ನಡೆದು ತಾನಾಗಿ ನಿಂತಿತು. ಮಂಡಿ ನೋವಿರಬೇಕೆಂದು ಸುಮನಾಳೇ ಒಂದು ಕೈಯಲ್ಲಿ ಶಾಲು, ಇನ್ನೊಂದರಲ್ಲಿ ಮೈಕು ಹಿಡಿದು ಅವರಿದ್ದಲ್ಲಿಗೆ ಓಡಿ ಬಂದಳು.

“ನನಗೆ ಬೇಡ ಕಣೇ,” ಅಂದರು ಆರೋಗ್ಯಮ್ಮ. ಮೆಲ್ಲಗೇ ಅಂದಿದ್ದರು, ಆದರೆ ಮೈಕು ಆನ್ ಇತ್ತು. ಮಾತು ಇಡೀ ಶಾಮಿಯಾನಕ್ಕೆ ಕೇಳಿತು. ಕೇಳಿದ ಮೇಲೆ ಮುಚ್ಚಿಟ್ಟು ಏನು ಪ್ರಯೋಜನ ಅನ್ನಿಸಿತೋ ಏನೋ, ಮುಂದಿನದನ್ನು ಗಟ್ಟಿಯಾಗಿಯೇ ಹೇಳಿದರು: “ನನ್ನ ಮಂಡಿ ಹೋಗಿದೆ, ಕೈ ಹೋಗಿಲ್ಲ. ಈಗಲೇ ಶಾಲು ಹೊದಿಸಿ ಮನೆಗೆ ಕಳಿಸಬೇಡ್ರಪ್ಪ. ಒಂದು ಮೂಲೇಲಿ ಬೆಳ್ಳುಳ್ಳಿ ಸುಲ್ಕೊಂಡಾದ್ರೂ ಇರ್ತೀನಿ.”

ಅವರ ದನಿ ಕೊನೆಯಲ್ಲಿ ಒಡೆಯಿತು. ಗಂಡಸರ ಸಾಲಿನಲ್ಲಿ ಚೌರಪ್ಪ ಎದ್ದು ನಿಂತಿದ್ದರು, ಯಾಕೆ ಎದ್ದೆನೆಂದು ಅವರಿಗೂ ಗೊತ್ತಿದ್ದಂತಿರಲಿಲ್ಲ. ಫಾದರ್ ರಾಯಪ್ಪನವರ ಕೈ ಗಡ್ಡದ ಮೇಲೆಯೇ ನಿಂತಿತ್ತು.

ಸುಮನಾ ಅವರ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

“ಕಳಿಸೋದಾ? ನಿಮ್ಮನ್ನ ಯಾರು ಕಳಿಸ್ತಾರೆ ಅಜ್ಜಿ?” ಅಂದಳು. “ನಮ್ಮಮ್ಮ ತೀರ್ಕೊಂಡಾಗ ನಾನು ಆರನೇ ಕ್ಲಾಸು. ಮನೆ ತುಂಬ ಜನ. ಬಂದೋರೆಲ್ಲ ನನ್ನ ಮುಖ ನೋಡೋದು, ಪಾಪ ಅನ್ನೋದು. ನಾನು ಅಳಬಾರ್ದು ಅಂತ ಹಲ್ಲು ಕಚ್ಚಿ ಕೂತಿದ್ದೆ. ನೀವು ಬಂದು ರಟ್ಟೆ ಹಿಡ್ದು ಹಿತ್ತಲಿಗೆ ಕರ್ಕೊಂಡು ಹೋಗಿ ಒಂದು ಚೀಲ ಈರುಳ್ಳಿ ಮುಂದಿಟ್ರಿ. ಸುಲಿ ಅಂದ್ರಿ. ಮಧ್ಯಾಹ್ನದ ತನಕ ಸುಲಿದೆ, ಮಧ್ಯಾಹ್ನದ ತನಕ ಅತ್ತೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಆವತ್ತಿಂದ ನಾನು ನಿಮ್ಮ ಅಡುಗೆಮನೆ ಬಿಟ್ಟಿಲ್ಲ. ಅದನ್ನ ಹೇಳೋಕೆ ಈ ಶಾಲು, ಬೇರೇನಿಲ್ಲ.”

ಆರೋಗ್ಯಮ್ಮ ಅವಳನ್ನೇ ನೋಡಿದರು. ಸುಮನಾಳ ಅಮ್ಮನ ಸಾವು ನೆನಪಿತ್ತು. ಮೂರು ದಿನ ಅವರ ಮನೆಗೆ ಅಡುಗೆ ಮಾಡಿಹಾಕಿದ್ದೂ ನೆನಪಿತ್ತು. ಈರುಳ್ಳಿಯ ನೆನಪೇ ಇರಲಿಲ್ಲ. ಮನಸ್ಸಿನಲ್ಲಿ ಅಷ್ಟು ದೊಡ್ಡದೇನನ್ನೂ ಯೋಚಿಸಿರಲಿಲ್ಲ ಅನ್ನಿಸಿ ಅವರಿಗೆ ನಾಚಿಕೆಯಾಯಿತು.

“ಅಯ್ಯೋ ಹುಚ್ಚುಮುಂಡೇದೆ,” ಅಂದರು. “ಆವತ್ತು ಕೆಲಸಕ್ಕೆ ಕೈ ಕಮ್ಮಿ ಇದ್ವು ಕಣೇ. ಅದಕ್ಕೆ ಕೂರಿಸಿರ್ತೀನಿ.”

ಮೊದಲು ನಕ್ಕವರು ಫಾದರ್. ಆಮೇಲೆ ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಸುಮನಾ ಮೂಗು ಒರೆಸಿಕೊಳ್ಳುತ್ತ, ಅಳುತ್ತ, ತಾನೂ ನಕ್ಕಳು.

“ಮತ್ತೆ ಯಾವಾಗ್ಲೂ ಕೂತ್ಕೋ ಕೂತ್ಕೋ ಅಂತ ಪ್ರಾಣ ತಿಂತೀರಲ್ಲ?” ಅಂದರು ಆರೋಗ್ಯಮ್ಮ.

“ಡಾಕ್ಟ್ರು ಜಾಸ್ತಿ ಹೊತ್ತು ನಿಲ್ಲಬಾರ್ದು ಅಂದಿದಾರೆ ಅಂತ ಚೌರಪ್ಪಜ್ಜ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು. ಅವತ್ತಿಂದ ಎಲ್ಲರೂ ಕುರ್ಚಿ ಹಿಡ್ಕೊಂಡು ಓಡಾಡ್ತಿದಾರೆ.”

ಆರೋಗ್ಯಮ್ಮ ಗಂಡಸರ ಸಾಲಿನ ಕಡೆ ತಿರುಗಿ ನೋಡಿದರು. ಚೌರಪ್ಪ ಸದ್ದಿಲ್ಲದೆ ಕೂತುಕೊಂಡರು.

“ಮುಂದಿನ ತಿಂಗಳು ಮಕ್ಕಳ ಪ್ರಥಮ ಪರಮಪ್ರಸಾದದ ಹಬ್ಬ,” ಸುಮನಾ ಮುಂದುವರಿಸಿದಳು. “ಮುನ್ನೂರು ಜನ ಆಗ್ತಾರೆ. ಎಷ್ಟು ಅಕ್ಕಿ, ಎಷ್ಟು ಬೇಳೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಹೋದ ಸಲ ನೀವು ಆಸ್ಪತ್ರೇಲಿದ್ದಾಗ ಸಾರಿಗೆ ಐದು ಜನ ಉಪ್ಪು ಹಾಕಿದ್ವಿ. ಒಬ್ಬರೂ ಹಿಂದೆ ಬೀಳಲಿಲ್ಲ.”

“ಐದು ಜನವಾ!” ಆರೋಗ್ಯಮ್ಮ ನಿಜವಾಗಿಯೂ ಗಾಬರಿಯಾದರು. ಆಮೇಲೆ ಕೈ ಚಾಚಿದರು. “ಕೊಡು ಇಲ್ಲಿ ಆ ದರಿದ್ರ ಶಾಲು. ನಂದೂಂತ ಗೊತ್ತಿದ್ರೆ ಜರಿದೇ ತಗೊಳ್ತಿದ್ದೆ.”

ಊಟಕ್ಕೆ ಬಳಗದವರನ್ನೆಲ್ಲ ಉದ್ದದ ಮೇಜುಗಳ ಮುಂದೆ ಸಾಲಾಗಿ ಕೂರಿಸಿದರು. ಆರೋಗ್ಯಮ್ಮನನ್ನು ನಟ್ಟನಡುವೆ, ಪಕ್ಕದಲ್ಲಿ ಸುಮನಾ. ಪಾಲನಾ ಸಮಿತಿಯವರ ಬಡಿಸುವಿಕೆ ನೋಡುವ ಹಾಗಿತ್ತು. ರಿಟೈರ್ಡ್ ಹೆಡ್ಮಾಸ್ತರರು ಪಲ್ಯವನ್ನು ಎಲೆಯ ಬಲಗಡೆ ಹಾಕಿ, ಮಕ್ಕಳು ಕೂಗಿಕೊಂಡಾಗ ಅದನ್ನು ಎಡಗಡೆ ತಳ್ಳಲು ಹೋಗಿ ನೆಲಕ್ಕೆ ಬೀಳಿಸಿದರು. ಚೌರಪ್ಪನವರಿಗೆ ನೀರಿನ ಜಗ್ಗು ಸಿಕ್ಕಿತ್ತು. ಅರ್ಧ ಲೋಟಕ್ಕೆ, ಅರ್ಧ ಎಲೆಗೆ. ಬಳಗದ ಮಕ್ಕಳು ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದರು. ಒಬ್ಬನಂತೂ ಎರಡು ಸಲ ಎದ್ದು ಉಪ್ಪಿನಕಾಯಿಯ ಬಟ್ಟಲಿಗೆ ಕೈ ಹಾಕಿ ಫಾದರ್ ಕೈಯಲ್ಲಿ ಬೈಸಿಕೊಂಡ. ಆರೋಗ್ಯಮ್ಮನಿಗೂ ಎದ್ದು ಸೌಟು ಕಿತ್ತುಕೊಳ್ಳುವ ಆಸೆ ಗಂಟಲ ತನಕ ಬಂದಿತ್ತು. ಆದರೆ ಆ ಸಾಲಿನ ಮುಖಗಳನ್ನೆಲ್ಲ ಒಮ್ಮೆ ನೋಡಿದರು. ಎಲ್ಲ ತನ್ನ ಹಾಗೆಯೇ, ಕೆಲಸ ಕಂಡರೆ ಕೂರಲಾರದ ಜಾತಿ. ಇವರೆಲ್ಲ ಎಲ್ಲಿಂದ ಬಂದರು, ಯಾವಾಗ ಇಷ್ಟು ಜನರಾದರು ಎಂದು ಆಶ್ಚರ್ಯವಾಯಿತು. ತುಂಬ ಸಂತೋಷವಾಯಿತು.

“ಪಾತ್ರೆ ಯಾರು ತೊಳೀತಾರೆ?” ಅವರು ಸುಮನಾಳ ಕಿವಿಯಲ್ಲಿ ಕೇಳಿದರು. “ಈ ದೊಡ್ಡಮನುಷ್ಯರು ತೊಳಿದ್ರೆ ಜಿಡ್ಡು ಹೋಗಲ್ಲ.”

“ಫಾದರ್‌ಗೆ ಹೇಳ್ಬೇಡಿ,” ಸುಮನಾ ಕೂಡ ಪಿಸುಗುಟ್ಟಿದಳು. “ಎಲ್ಲರೂ ಆಚೆ ಹೋಗ್ಲಿ. ಆಮೇಲೆ ನಾವೇ ತೊಳ್ಯೋಣ. ಹಂಡೆ ನಮಗೆ, ಸೌಟು ನಿಮಗೆ.”

ಆರೋಗ್ಯಮ್ಮ ತಲೆಯಾಡಿಸಿ ಎಲೆಯ ಕಡೆ ಬಾಗಿದರು. ಭೂತಪ್ಪ ಒಲೆಯಿಂದ ಆಗಷ್ಟೇ ಇಳಿಸಿದ ಅನ್ನ ಅದು. ಇಪ್ಪತ್ತಾರು ವರ್ಷ ಈ ಅಂಗಳದಲ್ಲಿ ಅವರು ಎಲ್ಲರ ಊಟವಾದ ಮೇಲೆ ಹಂಡೆಯ ತಳದ ತಣ್ಣನೆಯ ಅನ್ನವನ್ನೇ ಉಂಡಿದ್ದರು. ಅದೇ ಅಭ್ಯಾಸದಲ್ಲಿ ಐದೂ ಬೆರಳನ್ನು ಒಟ್ಟಿಗೆ ಅನ್ನದೊಳಗೆ ಇಟ್ಟವರು ಸುರ್ ಎಂದು ಹಿಂದಕ್ಕೆಳೆದುಕೊಂಡರು, ಬೆರಳುಗಳನ್ನು ಊದಿಕೊಂಡರು, ಹಬೆ ಸ್ವಲ್ಪ ಇಳಿಯಲೆಂದು ಕಾಯುತ್ತ ಕೂತರು.