ಸಂಕ್ರಾಂತಿಗೆ ಒಂದು ಪುಟ್ಟಿ ಗೆಣಸು

ಬಿಟಿಎಂ ಬಡಾವಣೆಯ ಆ ಮನೆಯ ಹಿತ್ತಲಲ್ಲಿ ಒಂದು ಕಾರು ನಿಲ್ಲುವಷ್ಟು ನೆಲವಿತ್ತು. ಮನೆಯೊಡತಿ ಅಕ್ಕಯಮ್ಮನ ಹೊಲವೆಲ್ಲ ಬಡಾವಣೆಗೆ ಹೋಗಿ ಮಿಕ್ಕದ್ದು ಅಷ್ಟೇ. ಅಲ್ಲಿ ಗೆಣಸು ಹಾಕಿದವಳು ಮಹಡಿಯ ಬಾಡಿಗೆಯಾಕೆ, ಗದಗಿನ ಕಡೆಯ ಲಕ್ಕವ್ವ. ಮೊದಲ ಬೆಳೆಯನ್ನು ಹುಳು ತಿಂದಿತ್ತು. "ಸಂಕ್ರಾಂತಿಗೂ ಗೆಣಸು ಬರ್ಲಿಲ್ಲ ಅಂದ್ರೆ ಸಿಮೆಂಟ್ ಹಾಕ್ಸಿ ಕಾರ್ ನಿಲ್ಲಿಸ್ತೀನಿ" ಎಂದು ಅಕ್ಕಯಮ್ಮನ ಮಗ ರಘು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ.

ಕಾರ್ತಿಕದ ಒಂದು ಬೆಳಿಗ್ಗೆ ಲಕ್ಕವ್ವ ಎರಡನೆಯ ಬೆಳೆಯ ಬುಡ ಕೆದಕಿದಳು. ಇರುವೆಯಂಥ ಮೈ, ಉದ್ದನೆಯ ಮೂತಿ, ಅದೇ ಹುಳು. ಊರು ಬಿಟ್ಟ ಮೇಲೆ ಅವಳ ಕೈಗೆ ಮಣ್ಣು ಸಿಕ್ಕಿದ್ದು ಇಲ್ಲಿ ಮಾತ್ರ.

ಮಂಡಿನೋವಿನ ಅಕ್ಕಯಮ್ಮ ಗೋಡೆ ಹಿಡಿದು ಬಂದಳು. "ಹೋದ್ಸಲ ಕೆಟ್ಟ ಗೆಣಸನ್ನ ಏನ್ ಮಾಡ್ದೆ?"

"ಆ ಮೂಲ್ಯಾಗ ತಿಪ್ಪಿಗೆ ಹಾಕೇನ್ರಿ ಅಮ್ಮಾರ, ಗೊಬ್ಬರ ಆಗ್ಲಿ ಅಂತ."

"ಸರಿಹೋಯ್ತು! ಹುಳಕ್ಕೆ ಬಾಣಂತನ ಮಾಡಿದ್ದೀಯ ಕಣಮ್ಮ."

"ನಮ್ಮೂರಾಗ ತಿಪ್ಪಿ ಕಾವಿಗೆ ಹುಳಾ ಬದುಕೂದಿಲ್ರಿ."

"ನಿಮ್ಮೂರ್ ತಿಪ್ಪೆ ಆಳೆತ್ತರ ಇರುತ್ತೆ. ಇದು ಒಂದ್ ಬಕೆಟ್ ಸಿಪ್ಪೆ. ಕಾವು ಎಲ್ಲಿಂದ ಬರ್ಬೇಕು?"

ಅಂದೇ ತಿಪ್ಪೆ ಬರಿದಾಯಿತು. ಕೊಳೆತ ಗೆಣಸೆಲ್ಲ ಪ್ಲಾಸ್ಟಿಕ್ ಚೀಲ ಸೇರಿ, ಬಾಯಿ ಬಿಗಿಸಿಕೊಂಡು ತಾರಸಿಯ ಬಿಸಿಲಿಗೆ ಬಿದ್ದಿತು. ಬಿರುಕಿನಲ್ಲಿ ನುಸುಳಿ ಹುಳು ಗಡ್ಡೆಗೆ ಇಳಿಯುತ್ತದೆಂದು ಲಕ್ಕವ್ವ ಬುಡಕ್ಕೆಲ್ಲ ಮಣ್ಣೇರಿಸಿದಳು. ನೆಲ ಬಾಯಿಬಿಡದಂತೆ ನೀರುಣಿಸಿದಳು. ಸಂಜೆ ಗೆಣಸಿನ ಹೋಳುಗಳನ್ನಿಟ್ಟು, ಮುಂಜಾನೆ ಅವಕ್ಕೆ ಮುತ್ತಿದ ಹುಳುಗಳನ್ನು ಸೋಪಿನ ನೀರಿಗೆ ಕೊಡವಿದಳು. ಅಕ್ಕಯಮ್ಮ ಕುರ್ಚಿಯಲ್ಲಿ ಕುಳಿತು, "ಇನ್ನೊಂದ್ ಬೊಗಸೆ ಹಾಕು, ಮಣ್ಣೇನು ನಿಮ್ಮಪ್ಪಂದಾ?" ಎಂದು ಗದರುವಳು. ಗದರುತ್ತ ಗದರುತ್ತ ಮಂಡಿನೋವನ್ನೇ ಮರೆಯುವಳು.

ಸಂಕ್ರಾಂತಿಯ ಹಿಂದಿನ ದಿನ ಗುದ್ದಲಿ ಹಿಡಿದವನು ರಘು. ತೂತುಬಿದ್ದ ನಾಲ್ಕಾರು ಗೆಣಸು ಚೀಲಕ್ಕೆ ಹೋದವು. ಉಳಿದವು ಪುಟ್ಟಿ ತುಂಬಿ ಹೊರಚೆಲ್ಲಿದವು.

"ಸಖತ್ತಾಗಿದೆಯಲ್ಲಕ್ಕಾ!" ಎಂದ ರಘು ಮಣ್ಣಾದ ಕೈ ಕೊಡವಿಕೊಂಡ. "ಕಾರು ರಸ್ತೇಲೇ ಇರ್ಲಿ ಬಿಡಿ."

ಲಕ್ಕವ್ವ ಪುಟ್ಟಿಯ ಮುಂದೆ ಕುಳಿತಳು. ಐದು ದಪ್ಪ ಗೆಣಸನ್ನು ಆರಿಸಿ, ತನ್ನೂರಿನ ಪದ್ಧತಿಯಂತೆ ಅಕ್ಕಯಮ್ಮನ ಸೆರಗು ಹಿಡಿದು ಉಡಿ ತುಂಬಿದಳು. "ನೀವು ಹಿತ್ತಲಕ್ಕ ಬರದಿದ್ರ ಇದು ಆಗ್ತಿದ್ದಿಲ್ರಿ."

ಅಕ್ಕಯಮ್ಮ ಉಡಿಯ ಭಾರವನ್ನು ಎರಡೂ ಕೈಯಲ್ಲಿ ಅವಚಿಕೊಂಡಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಹಳೆಯದೇ.

"ಮುಂದಿನ್ಸಲ ಇಲ್ಲಿ ಅವರೆ ಹಾಕು. ಹುಳ ಉಪವಾಸ ಬೀಳ್ಲಿ."